ಚಿಕ್ಕ ಪರದೆಯಲ್ಲಿ ಕೋಡ್ ಓದಲು ಯೋಸೆವ್ಕಾ ಫಾಂಟ್: ದೀರ್ಘ ಬಳಕೆಯ ವಿಮರ್ಶೆ

1366×768 ಪರದೆಯಲ್ಲಿ ಕೋಡ್ ಓದಲು ಕಷ್ಟವಾದರೆ ಎಲ್ಲರೂ ಮೊದಲು ಫಾಂಟ್ ಸೈಜ್ ಹೆಚ್ಚಿಸುತ್ತಾರೆ. ಅಕ್ಷರ ದೊಡ್ಡದಾಗುತ್ತದೆ, ನಿಜ. ಆದರೆ ಸಾಲಿನ ಕೊನೆ ಪರದೆಯಾಚೆ ಹೋಗಿ, ಪಕ್ಕಕ್ಕೆ ಸ್ಕ್ರಾಲ್ ಮಾಡುವ ಕೆಲಸ ಅಂಟಿಕೊಳ್ಳುತ್ತದೆ. ಯೋಸೆವ್ಕಾ ಅಕ್ಷರದ ಎತ್ತರವನ್ನು ಉಳಿಸಿಕೊಂಡು ಅಗಲವನ್ನು ಇಳಿಸುತ್ತದೆ. ಚಿಕ್ಕ ಪರದೆಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಫಾಂಟ್ ಉಚಿತ, ಪರವಾನಗಿಯೂ ಮುಕ್ತ.

ಲೆಕ್ಕ ಹೀಗಿದೆ. ಯೋಸೆವ್ಕಾದಲ್ಲಿ ಅಕ್ಷರದ ಅಗಲ ಫಾಂಟ್ ಸೈಜಿನ ಸರಿಯಾದ ಅರ್ಧ. ಕೋಡಿಗೆ ಬಳಸುವ ಇನ್ನೊಂದು ಫಾಂಟ್ ಜೆಟ್‌ಬ್ರೈನ್ಸ್ ಮೋನೊದಲ್ಲಿ 0.6 ಪಾಲು. 14 ಪಿಕ್ಸೆಲ್ ಸೈಜಿನ ಜೆಟ್‌ಬ್ರೈನ್ಸ್ ಮೋನೊ ಪ್ರತಿ ಅಕ್ಷರಕ್ಕೆ 8.4 ಪಿಕ್ಸೆಲ್ ತೆಗೆದುಕೊಂಡರೆ, 16ರ ಯೋಸೆವ್ಕಾಗೆ 8 ಸಾಕು. ಸಣ್ಣಕ್ಷರಗಳ ಎತ್ತರ ಮೊದಲನೆಯದರಲ್ಲಿ ಸುಮಾರು 7.7 ಪಿಕ್ಸೆಲ್, ಎರಡನೆಯದರಲ್ಲಿ 8.3. ಅಂದರೆ ಅಕ್ಷರ ಎತ್ತರವಾಯಿತು, ಸಾಲು ಚಿಕ್ಕದಾಯಿತು. ಎರಡೂ ಫಾಂಟ್‌ಗಳನ್ನು 14ರಲ್ಲೇ ಇಟ್ಟು, ವಿಎಸ್ ಕೋಡ್ ಎಡಿಟರ್‌ನ ಸೈಡ್‌ಬಾರ್ ಮುಚ್ಚಿ ಎರಡು ಫೈಲ್‌ಗಳನ್ನು ಅಕ್ಕಪಕ್ಕ ತೆರೆದರೆ, ಪ್ರತಿ ಬದಿಗೆ ಸುಮಾರು 594 ಪಿಕ್ಸೆಲ್ ಉಳಿಯುತ್ತದೆ. ಅದರಲ್ಲಿ ಯೋಸೆವ್ಕಾದ 84 ಅಕ್ಷರಗಳು ಹಿಡಿಯುತ್ತವೆ, ಇನ್ನೊಂದರ 70 ಮಾತ್ರ. 80 ಅಕ್ಷರಗಳ ಮಿತಿ ಇಟ್ಟುಕೊಂಡ ಕೋಡಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಸೈಜ್ ಆರಿಸುವಾಗ ಸಮಸಂಖ್ಯೆಗೇ ಅಂಟಿಕೊಳ್ಳಿ. 14ಕ್ಕೆ ಅಗಲ 7, 16ಕ್ಕೆ 8: ಎರಡೂ ಪೂರ್ಣ ಪಿಕ್ಸೆಲ್. 15 ಇಟ್ಟರೆ 7.5 ಆಗಿ, ಅಕ್ಷರಗಳ ನೆಟ್ಟನೆಯ ಗೆರೆಗಳು ಪಿಕ್ಸೆಲ್‌ಗಳ ನಡುವೆ ಬೀಳುತ್ತವೆ. ಒಂದೇ ಅಕ್ಷರ ಒಂದು ಕಡೆ ಚೂಪಾಗಿ, ಇನ್ನೊಂದು ಕಡೆ ಮಸುಕಾಗಿ ಕಾಣುತ್ತದೆ. 16ರ ಇನ್ನೊಂದು ಗುಣವೆಂದರೆ ಡಿಸ್‌ಪ್ಲೇ ಸ್ಕೇಲಿಂಗ್ 125% ಇದ್ದರೆ ಅಗಲ 10, 150% ಇದ್ದರೆ 12, ಆಗಲೂ ಪೂರ್ಣವೇ. ವಿಎಸ್ ಕೋಡ್‌ನ ಝೂಮ್ ಈ ಲೆಕ್ಕವನ್ನೇ ಕೆಡಿಸುತ್ತದೆ. ಅದು ಒಂದು ಹಂತಕ್ಕೆ 20% ಹಿಗ್ಗಿಸುವುದರಿಂದ 8 ಪಿಕ್ಸೆಲ್ 9.6 ಆಗುತ್ತದೆ, ಮೆನು ಮತ್ತು ಟ್ಯಾಬ್‌ಗಳೂ ಜಾಗ ನುಂಗುತ್ತವೆ. ಝೂಮ್ ಸೊನ್ನೆಯಲ್ಲೇ ಇರಲಿ, ಫಾಂಟ್ ಸೈಜ್ ಮಾತ್ರ ಬದಲಿಸಿ.

12ಕ್ಕೆ ಇಳಿಯಬೇಡಿ. ಅಗಲ 6 ಪಿಕ್ಸೆಲ್ ಆದಾಗ ಇಂಗ್ಲಿಷ್ ‘ಎಮ್’ ಅಕ್ಷರದ ಮೂರು ಗೆರೆ, ಎರಡು ಸಂದುಗಳಿಗೇ 5 ಪಿಕ್ಸೆಲ್ ಖರ್ಚಾಗಿ, ಪಕ್ಕದ ಅಕ್ಷರದ ಜೊತೆ ಬರೀ ಒಂದು ಪಿಕ್ಸೆಲ್ ಅಂತರ ಉಳಿಯುತ್ತದೆ. ಶೇಕಡಾ ಚಿಹ್ನೆಯಂತೂ ಮುದ್ದೆಯಾಗುತ್ತದೆ. ಇದು ಕಿರಿದಾದ ಫಾಂಟಿನ ನಿಜವಾದ ದೌರ್ಬಲ್ಯ.

ವಿಂಡೋಸ್‌ನಲ್ಲಿ, ಕಡಿಮೆ ರೆಸಲ್ಯೂಶನ್ ಪರದೆ ಇದ್ದರೆ, ಡೌನ್‌ಲೋಡ್ ಪುಟದಲ್ಲಿ ‘ಅನ್‌ಹಿಂಟೆಡ್’ ಎಂದಿರುವ ಪ್ಯಾಕೇಜನ್ನು ಬಿಟ್ಟು ಸಾಮಾನ್ಯ ಟಿಟಿಎಫ್ (ಫಾಂಟ್ ಫೈಲ್) ಪ್ಯಾಕೇಜ್ ತೆಗೆದುಕೊಳ್ಳಿ. ಗೆರೆಗಳನ್ನು ಪಿಕ್ಸೆಲ್ ಮೇಲೆ ಕೂರಿಸುವ ಸೂಚನೆಗಳು ಅದರಲ್ಲೇ ಇರುವುದು. ಟರ್ಮಿನಲ್‌ಗೆ ‘ಟರ್ಮ್’ ಆವೃತ್ತಿಯೇ ಬೇಕು. ಮೂಲ ಆವೃತ್ತಿಯ ಕೆಲವು ಬಾಣದ ಚಿಹ್ನೆಗಳು ಎರಡು ಅಕ್ಷರಗಳಷ್ಟು ಅಗಲವಿದ್ದು ಅಲ್ಲಿ ಸಾಲು ಕೆಡುತ್ತದೆ. ಕಪ್ಪು ಥೀಮ್‌ಗೆ 400ರ ದಪ್ಪ (ಫಾಂಟ್ ವೆಯ್ಟ್) ಸರಿ, ಬಿಳಿ ಥೀಮ್‌ನಲ್ಲಿ ಅದೇ ಗೆರೆ ತೆಳ್ಳಗೆ ಕಾಣುವುದರಿಂದ 500 ಇಡಿ. ಕಾಮೆಂಟ್‌ಗಳ ಇಟಾಲಿಕ್ ತೆಗೆದುಬಿಡಿ. ಓರೆ ಗೆರೆ ಕಡಿಮೆ ಪಿಕ್ಸೆಲ್‌ಗಳಲ್ಲಿ ಗರಗಸದಂತಾಗುತ್ತದೆ. ಹಲವು ಥೀಮ್‌ಗಳ ಕಾಮೆಂಟ್ ಬಣ್ಣ ತೀರಾ ಮಂಕು. ಹಿನ್ನೆಲೆಯೊಂದಿಗೆ ಕನಿಷ್ಠ 4.5:1 ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸ) ಬರುವಂತೆ ತಿದ್ದಿಕೊಳ್ಳಿ. ಯಾವ ಫಾಂಟೂ ಆ ಕೊರತೆಯನ್ನು ತುಂಬಲಾರದು.

ಎತ್ತರದ ವಿಷಯಕ್ಕೆ ಬಂದರೆ, ವಿಎಸ್ ಕೋಡ್‌ನ ಲೈನ್ ಹೈಟ್‌ನಲ್ಲಿ 8ಕ್ಕಿಂತ ಕಡಿಮೆ ಸಂಖ್ಯೆ ಫಾಂಟ್ ಸೈಜಿನ ಗುಣಕ, 8 ಅಥವಾ ಅದಕ್ಕಿಂತ ಹೆಚ್ಚಿನದು ನೇರ ಪಿಕ್ಸೆಲ್. 16ರ ಅಕ್ಷರಕ್ಕೆ 21 ಅಥವಾ 22 ಹಿತವಾಗಿದೆ. ಮಿನಿಮ್ಯಾಪ್ (ಬದಿಯಲ್ಲಿ ಕಾಣುವ ಫೈಲಿನ ಕಿರುನೋಟ) ಮತ್ತು ಬ್ರೆಡ್‌ಕ್ರಂಬ್ಸ್ (ಮೇಲೆ ಫೈಲಿನ ದಾರಿ ತೋರಿಸುವ ಪಟ್ಟಿ) ಆಫ್ ಮಾಡಿ. ನೀವಿರುವ ಫಂಕ್ಷನ್‌ನ ಮೊದಲ ಸಾಲಿನಂಥವನ್ನು ಮೇಲೆ ಅಂಟಿಸಿಡುವ ಸ್ಟಿಕಿ ಸ್ಕ್ರಾಲ್ ತಾನಾಗಿ 5 ಸಾಲುಗಳವರೆಗೆ ಹಿಡಿಯುತ್ತದೆ. 768 ಪಿಕ್ಸೆಲ್ ಎತ್ತರದಲ್ಲಿ ಕಾಣುವುದೇ ಸುಮಾರು 28 ಸಾಲು, ಹಾಗಾಗಿ ಅದನ್ನು 2ಕ್ಕೆ ಇಳಿಸಿ.

ಕೋಡ್ ಒಳಗೆ ಕನ್ನಡ ಬರೆಯುವವರು ಗಮನಿಸಬೇಕಾದ ಸಂಗತಿ: ಯೋಸೆವ್ಕಾದಲ್ಲಿ ಕನ್ನಡ ಅಕ್ಷರಗಳಿಲ್ಲ. ಫಾಂಟ್ ಫ್ಯಾಮಿಲಿ ಸೆಟ್ಟಿಂಗ್‌ನಲ್ಲಿ ಅದರ ನಂತರ ಅಲ್ಪವಿರಾಮ ಹಾಕಿ ನೋಟೊ ಸಾನ್ಸ್ ಕನ್ನಡ ಎಂಬ ಕನ್ನಡ ಫಾಂಟನ್ನು ಸೇರಿಸಿ. 22 ಪಿಕ್ಸೆಲ್ ಸಾಲಿನಲ್ಲಿ ‘ರಾಷ್ಟ್ರ’ದಂಥ ಪದದ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಕನ್ನಡ ಹೆಚ್ಚಿರುವ ಫೈಲ್‌ಗಳಿಗೆ 26 ಬೇಕಾಗಬಹುದು. ಇಡೀ ಎಡಿಟರ್‌ಗೆ ಅಷ್ಟು ಕೊಡುವುದು ದುಬಾರಿ. ಹಾಗಾಗಿ ಆ ಪ್ರಾಜೆಕ್ಟಿನ ವರ್ಕ್‌ಸ್ಪೇಸ್ ಸೆಟ್ಟಿಂಗ್‌ನಲ್ಲಿ ಮಾತ್ರ ಬದಲಿಸಿ.

ಅರ್ಧ ಅಗಲ ತೀರಾ ಇಕ್ಕಟ್ಟು ಅನಿಸಿದರೆ 0.6 ಅಗಲದ ‘ಎಕ್ಸ್‌ಟೆಂಡೆಡ್’ ಇದೆ, ಆದರೆ ಅದನ್ನು ಹಾಕಿದರೆ ಉಳಿಸಿದ ಜಾಗವೆಲ್ಲ ಹೋಗುತ್ತದೆ. ನೋಡ್ ಜೆಎಸ್ ಮತ್ತು ಟಿಟಿಎಫ್‌ಆಟೋಹಿಂಟ್ ಎಂಬ ಎರಡು ಸಾಫ್ಟ್‌ವೇರ್‌ಗಳು ಇದ್ದರೆ ನಡುವಿನ ಅಗಲವನ್ನು ನೀವೇ ಬಿಲ್ಡ್ ಮಾಡಿಕೊಳ್ಳಬಹುದು. ಹೊಸ ಆವೃತ್ತಿಗಳು ಆಗಾಗ ಬರುತ್ತಿರುತ್ತವೆ, ಕೆಲವು ಅಕ್ಷರಗಳ ಆಕಾರವೂ ಬದಲಾಗುತ್ತದೆ. ಕಣ್ಣಿಗೆ ಹೊಂದಿದ ಆವೃತ್ತಿಯ ಫೈಲ್‌ಗಳನ್ನೂ ಬಿಲ್ಡ್ ಪ್ಲಾನನ್ನೂ (ನೀವೇ ಬಿಲ್ಡ್ ಮಾಡಿದ್ದರೆ ಅದರ ಸೆಟ್ಟಿಂಗ್ ಫೈಲ್) ಒಟ್ಟಿಗೆ ಬ್ಯಾಕಪ್ ಇಟ್ಟುಕೊಳ್ಳಿ.