ಕೈ ಮೇಲೇಳದ ಅಮ್ಮನಿಗೆ ಹೊಂದುವ ತೊಟ್ಟಿಲು

ಬೆಳಗಾವಿಯ ಶಹಾಪುರದಲ್ಲಿ ಬಡಗಿಯೊಬ್ಬರ ಹತ್ತಿರ ಹೇಳಿ ಮಾಡಿಸಿದ ತೊಟ್ಟಿಲು ಇದು. ನನಗೆ ಎಫ್‌ಎಸ್‌ಎಚ್‌ಡಿ ಇದೆ. ಅಪ್ಪನಿಂದ ಬಂದ ಸ್ನಾಯು ಕಾಯಿಲೆ. ಮುಖ, ಹೆಗಲು, ತೋಳಿನ ಶಕ್ತಿ ನಿಧಾನಕ್ಕೆ ಕಮ್ಮಿಯಾಗುತ್ತದೆ. ಮಗುವಿಗೂ ಬರುವ ಸಾಧ್ಯತೆ ಶೇ. 50. ಅದು ಗೊತ್ತಿದ್ದೇ ಮಗು ಬೇಕು ಅಂದುಕೊಂಡೆವು.

ಅಂಗಡಿಯಲ್ಲಿ ಸಿಗುವ ತೊಟ್ಟಿಲುಗಳ ಕಟಕಟೆ ಎತ್ತರ. ಅದರ ಮೇಲಿಂದ ಮಗುವನ್ನು ಎತ್ತಿಕೊಳ್ಳಲು ನನ್ನಿಂದ ಆಗುವುದಿಲ್ಲ. ಈ ಬಡಗಿ ಟೇಪು ಹಿಡಿದು, "ಅಕ್ಕಾರ, ಕೈ ಎಲ್ಲೀಮಟ ಏಳ್ತದ ತೋರಸ್ರಿ" ಅಂದರು. ಕುರ್ಚಿಯಲ್ಲಿ ಕೂತಾಗ ನನ್ನ ಮೊಣಕೈ ಎಲ್ಲಿ ಬರುತ್ತದೋ ಆ ಎತ್ತರಕ್ಕೇ ಹಾಸಿಗೆ ಇಟ್ಟರು. ಒಂದು ಬದಿ ಬಾಗಿಲಿನ ಹಾಗೆ ತೆರೆಯುತ್ತದೆ. ಮಗಳನ್ನು ಎತ್ತುವ ಗೋಜೇ ಇಲ್ಲ, ಹಾಸಿಗೆ ಮೇಲೇ ಜಾರಿಸಿ ಎದೆಗೆ ತಂದುಕೊಳ್ಳುತ್ತೇನೆ. ರಾತ್ರಿ ಹಾಲು ಕುಡಿಸಲು ಯಾರನ್ನೂ ಎಬ್ಬಿಸಬೇಕಿಲ್ಲ. ನನಗೆ ಬೇಕಿದ್ದದ್ದು ಇದೇ ಅಲ್ವಾ!

ಚಿಲಕ ಮಾತ್ರ ಮೊದಲು ತುಂಬಾ ಬಿಗಿ ಇತ್ತು. ಒತ್ತಿದರೆ ಬಿಚ್ಚಿಕೊಳ್ಳುವಂಥದ್ದು ಹಾಕಿಕೊಟ್ಟರು, ಆದರೆ ಸುಮ್ನೆ ಅಲೆದಾಡಿಸಿದರು. ಚಕ್ರದ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ. ದುಡ್ಡು ರೆಡಿಮೇಡ್‌ಗಿಂತ ಜಾಸ್ತಿ. ಮಾಡಿಸುವುದಿದ್ದರೆ ಬಸಿರಿದ್ದಾಗಲೇ ಹೇಳಿಬಿಡಿ, ತಡ ಮಾಡುತ್ತಾರೆ.