ಆನೆ ಕಿವಿ ಗೆಡ್ಡೆ ಆನ್‌ಲೈನ್‌ನಲ್ಲಿ ತರಿಸೋ ಮುಂಚೆ ಇದನ್ನು ಓದಿ

ಇಷ್ಟು ದಿನ ಸುಮ್ಮನಿದ್ದೆ. ಹೇಳಿಕೊಳ್ಳೋಕೇ ನಾಚಿಕೆ ಆಗಿತ್ತು. ಆದರೆ ನಿನ್ನೆ ಪರಿಚಯದವರೊಬ್ಬರು ನನಗೆ ಮೋಸ ಮಾಡಿದ ಮಾರಾಟಗಾರನೇ ಹಾಕಿದ ಫೋಟೊ ಕಳಿಸಿ "ಇದನ್ನ ತರಿಸಲಾ?" ಅಂತ ಕೇಳಿದರು. ಬೇಡ. ದಯವಿಟ್ಟು ಬೇಡ. ಅವರಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳುತ್ತಿದ್ದೇನೆ.

ನಾನು ತರಿಸುವಾಗ ಆತ ತೋರಿಸಿದ ಫೋಟೊದಲ್ಲಿ ಒಂದು ಮಗು ಎಲೆಯ ಕೆಳಗೆ ನಿಂತಿದೆ. ಎಲೆ ಮಗುವಿಗಿಂತ ದೊಡ್ಡದು. ಕೆಳಗೆ ಹೆಸರು: ಕೊಲೊಕೇಸಿಯಾ ಜೈಗ್ಯಾಂಟಿಯಾ, 'ಥಾಯ್ಲೆಂಡ್ ಜೈಂಟ್'. ಆನೆ ಕಿವಿ ಅನ್ನೋ ದೊಡ್ಡ ಎಲೆಯ ಗಿಡಗಳಲ್ಲಿ ಒಂದು. ಚೆನ್ನಾಗಿ ಬೆಳೆದರೆ ಈ ತಳಿಯ ಎಲೆ 4 ಅಡಿವರೆಗೂ ಹೋಗುತ್ತದೆ, ಅದು ಸುಳ್ಳಲ್ಲ. ಅದಕ್ಕೇ ನಂಬಿದೆ. "ದಪ್ಪ ಗೆಡ್ಡೆ, ಮೊದಲ ವರ್ಷವೇ ಆಳೆತ್ತರ" ಅಂತ ಬೇರೆ ಬರೆದಿದ್ದರು. ಆರು ಗೆಡ್ಡೆಗೆ ಪೂರ್ತಿ ದುಡ್ಡು ಮೊದಲೇ ಕಟ್ಟಿದೆ.

ಬಂದ ಆರರಲ್ಲಿ ಎರಡನ್ನು ಒತ್ತಿದರೆ ಬೆರಳು ಒಳಗೇ ಹೋಯಿತು. ಕೊಳೆತ ವಾಸನೆ. ಕೇಳಿದ್ದಕ್ಕೆ ಬಂದ ಉತ್ತರ: "ದಾರೀಲಿ ಹಾಗಾಗುತ್ತೆ ಮೇಡಂ, ಉಳಿದಿದ್ದು ನೆಡಿ." ನೆಟ್ಟೆ. ಗುಂಡಿ ತೋಡಿ, ಚೆನ್ನಾಗಿ ಕಳಿತ ಗೊಬ್ಬರ ತುಂಬಿ, ಮೊಳಕೆಯ ಕಣ್ಣು ಮೇಲೆ ಬರುವ ಹಾಗೆ ಇಟ್ಟೆ. ಮಣ್ಣು ಒಂದು ದಿನ ಒಣಗೋಕೆ ಬಿಡಲಿಲ್ಲ. ಮನೆಗೆ ಬಂದವರಿಗೆಲ್ಲ ಆ ಫೋಟೊ ತೋರಿಸಿದ್ದೆ. ಈಗ ಅವರು "ಎಲ್ಲಿ ಆ ಗಿಡ?" ಅಂತ ಕೇಳಿದಾಗ ಮುಖ ಎಲ್ಲಿ ಇಟ್ಟುಕೊಳ್ಳಲಿ ಹೇಳಿ.

ಮೂರು ತಿಂಗಳಾದರೂ ಎಲೆ ಎರಡು ಗೇಣು ದಾಟಲಿಲ್ಲ. ಫೋಟೊ ತೆಗೆದು ಕಳಿಸಿದೆ.

"ಗೊಬ್ಬರ ಸಾಲದು." ಹಾಕಿದೆ.

"ಬಿಸಿಲು ಜಾಸ್ತಿ." ನೆರಳಿಗೆ ಬಟ್ಟೆ ಕಟ್ಟಿದೆ.

"ಈಗ ನೆರಳು ಜಾಸ್ತಿ ಆಯ್ತು ಮೇಡಂ." ಇದನ್ನು ಓದಿದಾಗಲೇ ನನಗೆ ಅರ್ಥ ಆಗಬೇಕಿತ್ತು. ಆಗಲಿಲ್ಲ. ಬಟ್ಟೆ ಬಿಚ್ಚಿದೆ.

ಅರ್ಥ ಆಗಿದ್ದು ಒಂದು ಬೆಳಿಗ್ಗೆ, ಮಳೆ ನಿಂತ ಮೇಲೆ. ಗಿಡದ ಮುಂದೆ ನಿಂತು ಫೋನಿನಲ್ಲಿ ಅವರ ಫೋಟೊ ತೆರೆದೆ. ನನ್ನ ಗಿಡದ ಎಲೆಗಳ ತುದಿ ನೆಲ ನೋಡುತ್ತಿತ್ತು. ಫೋಟೊದಲ್ಲಿ ತುದಿ ಆಕಾಶ ನೋಡುತ್ತಿತ್ತು. ನನ್ನ ಗಿಡದಲ್ಲಿ ದಂಟು ಎಲೆಯ ಹಿಂಬದಿಗೆ, ಅಂಚಿನಿಂದ ಒಳಗೆ ಸೇರಿತ್ತು. ಫೋಟೊದಲ್ಲಿ ಎಲೆಯ ಸೀಳು ಎಲ್ಲಿ ಮುಗಿಯುತ್ತದೋ ಅಲ್ಲೇ ದಂಟು. ಅಂದರೆ ಫೋಟೊದಲ್ಲಿ ಇದ್ದದ್ದು ಅಲೋಕೇಸಿಯಾ, ಆನೆ ಕಿವಿ ಅಂತಲೇ ಕರೆಯೋ ಬೇರೆ ಜಾತಿಯ ಗಿಡ. ಹೆಸರು ಕೊಟ್ಟಿದ್ದು ಜೈಗ್ಯಾಂಟಿಯಾದ್ದು. ನನಗೆ ಕಳಿಸಿದ್ದು ಕೊಲೊಕೇಸಿಯಾ ಎಸ್ಕುಲೆಂಟಾ, ನಾವು ನೀವು ಕೆಸು ಅನ್ನೋದು. ಫೋಟೊ ಒಂದರದು, ಹೆಸರು ಇನ್ನೊಂದರದು, ಗೆಡ್ಡೆ ಮತ್ತೊಂದರದು! ಮೂರು ತಿಂಗಳು ನಾನು ಕೆಸುವಿಗೆ ಬಿಸಿಲು ನೆರಳು ಲೆಕ್ಕ ಹಾಕುತ್ತಾ ಕೂತಿದ್ದೆ.

ಕೆಸು ಕೆಟ್ಟ ಗಿಡ ಅಂತ ನಾನು ಹೇಳುತ್ತಿಲ್ಲ. ನಾನು ದುಡ್ಡು ಕೊಟ್ಟಿದ್ದು ಅದಕ್ಕಲ್ಲ, ಅಷ್ಟೇ.

ಇದೆಲ್ಲ ಬರೆದು ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ: "ಎಲ್ಲಾನೂ ಆನೆ ಕಿವಿನೇ ಅಲ್ವಾ ಮೇಡಂ?" ಈ ಒಂದು ಸಾಲು ನನಗೆ ಇವತ್ತಿಗೂ ಉರಿಯುತ್ತದೆ. ದುಡ್ಡು ವಾಪಸ್ ಕೇಳಿದೆ. "ಗಿಡ ಬದುಕಿದೆ ತಾನೇ, ಮತ್ತೇನು?" ಅಂದರು. ಮತ್ತೆ ಕೇಳಿದೆ. ನನ್ನ ನಂಬರ್ ಬ್ಲಾಕ್ ಮಾಡಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಆ ಗಿಡ ನೆಲದ ಮೇಲೆ ಉದ್ದುದ್ದ ಹಂಬು ಬಿಟ್ಟು ಅಂಗಳದ ಆ ಮೂಲೆಯನ್ನೆಲ್ಲ ಹಿಡಿದಿದೆ. ಕಿತ್ತರೆ ಮಣ್ಣಲ್ಲಿ ಉಳಿದ ಚೂರು ಗೆಡ್ಡೆಯಿಂದ ಮತ್ತೆ ಬರುತ್ತದೆ. ಬರಿಗೈಯಲ್ಲಿ ಕಿತ್ತು ರಾತ್ರಿಯೆಲ್ಲ ತುರಿಸಿಕೊಂಡೆ. ಇದರ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ, ಅವು ಚುಚ್ಚುತ್ತವೆ. ಕೀಳುವಾಗ ಕೈಗವಸು ಹಾಕಿಕೊಳ್ಳಿ. ಮಕ್ಕಳು, ನಾಯಿ, ಬೆಕ್ಕು ಇದ್ದರೆ ಹಸಿ ಎಲೆ ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ, ಬಾಯಿ ಊದಿಕೊಳ್ಳುತ್ತದೆ.

ತಗೊಳ್ಳಲೇಬೇಕು ಅಂದರೆ ಬೆಳೆದ ಗಿಡವನ್ನು ಕಣ್ಣಾರೆ ನೋಡಿ ತಗೊಳ್ಳಿ. ಜೈಗ್ಯಾಂಟಿಯಾ ಕೆಸುವಿನ ಹಾಗೆ ದಪ್ಪ ಗೆಡ್ಡೆ ಕಟ್ಟುವ ಗಿಡವೇ ಅಲ್ಲ, ಹೆಚ್ಚಾಗಿ ಎಳೆ ಸಸಿಯಾಗಿಯೇ ಸಿಗುತ್ತದೆ. "ದಪ್ಪ ಗೆಡ್ಡೆ" ಅಂದ ತಕ್ಷಣ ಅನುಮಾನ ಪಡಿ. ಎಲೆ ದಂಟಿಗೆ ಸೇರೋ ಜಾಗದ ಫೋಟೊ ಕೇಳಿ, ಅವರ ಹತ್ತಿರ ಇರೋ ಗಿಡದ್ದೇ ಆಗಿರಲಿ. ಕೊಡದಿದ್ದರೆ ಅಲ್ಲಿಗೇ ಬಿಡಿ. ನಾನು ಕೇಳಲೇ ಇಲ್ಲ, ಅದೇ ನನ್ನ ಸಂಕಟ.

ಹಾಂ, ನಿನ್ನೆ ಬಂದ ಫೋಟೊ ಬಗ್ಗೆ. ಅದೇ ಮಗು, ಅದೇ ಎಲೆ. ಎಲೆಗೆ ಮಾತ್ರ ಈಗ ಕಪ್ಪು ಬಣ್ಣ ಕೊಟ್ಟಿದ್ದಾರೆ. ಹೆಸರು "ಅಪರೂಪದ ಕಪ್ಪು ಆನೆ ಕಿವಿ".