ಇಟಾಲಿಯನ್ ಕ್ರಿಯಾಪದ ಕಲಿಯಲು ನಾಲ್ಕು ದಾರಿ: ಪಟ್ಟಿ, ಕಾರ್ಡು, ಬುಡ, ಕಿವಿ

ಇಟಾಲಿಯನ್ ಶುರು ಮಾಡಿದ ಕನ್ನಡದವರಿಗೆ ಮೊದಲು ಖುಷಿಯೇ ಆಗುತ್ತದೆ. ಬರೆದ ಹಾಗೆ ಓದಬಹುದು. ಒತ್ತಕ್ಷರ ಇದ್ದಲ್ಲಿ ಒತ್ತಿಯೇ ಹೇಳಬೇಕು, ನಮಗೆ ಅದು ಹೊಸದೇನಲ್ಲ. ‘ಪಾರ್ಲೊ’ ಅಂದರೆ ‘ಮಾತಾಡುತ್ತೇನೆ’, ಮುಂದೆ ‘ನಾನು’ ಅಂತ ಹಾಕಬೇಕಿಲ್ಲ. ಆಮೇಲೆ ಒಂದು ದಿನ ವ್ಯಾಕರಣ ಪುಸ್ತಕದ ಕೊನೆಯ ಪುಟಗಳು ಕಣ್ಣಿಗೆ ಬೀಳುತ್ತವೆ. ಶಾಲೆಯ ಲೆಕ್ಕದ ಪ್ರಕಾರ 7 ‘ಮೋದೊ’ (ಹೇಳುವ ರೀತಿ), ಅವುಗಳಲ್ಲಿ ಒಟ್ಟು 21 ಕಾಲ. ನೇರ ಹೇಳಿಕೆಯ ಇಂದಿಕಾತೀವೊ ಒಂದರಲ್ಲೇ 8, ಅನಿಸಿಕೆ, ಬಯಕೆ, ಅನುಮಾನಗಳ ಕೊಂಜುಂತೀವೊದಲ್ಲಿ 4. ಹೆಚ್ಚಿನ ಕಾಲಗಳಿಗೆ ಆರಾರು ರೂಪ.

ನಾನಿರುವುದು ಇಟಲಿಯ ಟುರಿನ್‌ನಲ್ಲಿ. ಇಲ್ಲಿ ದೀರ್ಘಾವಧಿ ವಾಸದ ಪರವಾನಗಿಗೆ ಎ2 ಮಟ್ಟದ ಇಟಾಲಿಯನ್ ಬೇಕು, ಅಂದರೆ ಯುರೋಪಿನ ಭಾಷಾ ಅಳತೆಯ ಆರು ಮಟ್ಟಗಳಲ್ಲಿ ಎರಡನೆಯದು. 2018ರ ಕಾನೂನಿನ ನಂತರ ಪೌರತ್ವಕ್ಕೆ ಅದರ ಮೇಲಿನ ಬಿ1 ಬೇಕು. ಹಾಗಾಗಿ ಕ್ರಿಯಾಪದಗಳಿಂದ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ನಾಲ್ಕು ದಾರಿ ಹಿಡಿದು ನೋಡಿದೆ. ಪ್ರತಿಯೊಂದನ್ನೂ ಕಷ್ಟದ ಪದಗಳ ಮೇಲೇ ತೂಗಿದೆ: ವೆನೀರೆ (ಬರು), ಫಾರೆ (ಮಾಡು), ದೀರೆ (ಹೇಳು), ಅಂದಾರೆ (ಹೋಗು), ಸ್ಕ್ರೀವೆರೆ (ಬರೆ). ನಾನು ಕೇಳಿಕೊಂಡ ಪ್ರಶ್ನೆ ಒಂದೇ. ಎದುರಿಗೆ ಒಬ್ಬರು ಕಾಯುತ್ತಾ ನಿಂತಾಗ, ಬೇಕಾದ ರೂಪ ಬಾಯಿಗೆ ಬರುತ್ತದಾ?

ಮೊದಲು ಪಟ್ಟಿ. ಇಟಲಿಯ ಮಕ್ಕಳೂ ಶಾಲೆಯಲ್ಲಿ ಹೀಗೇ ಕಲಿಯುತ್ತಾರೆ: ವೆಂಗೊ, ವಿಯೇನಿ, ವಿಯೇನೆ, ವೆನಿಯಾಮೊ, ವೆನೀತೆ, ವೆಂಗೊನೊ. ಆದರೆ ಆ ಮಕ್ಕಳಿಗೆ ಭಾಷೆ ಮೊದಲೇ ಬರುತ್ತದೆ. ಪಟ್ಟಿ ಅವರಿಗೆ ಗೊತ್ತಿರುವುದಕ್ಕೆ ಹೆಸರಿಡುತ್ತದೆ, ಅಷ್ಟೆ. ನಮಗೆ ಅದು ಮಗ್ಗಿ ಕಲಿತ ಹಾಗಾಗುತ್ತದೆ. ಏಳು ಎಂಟಲಿ ಎಷ್ಟು ಅಂದರೆ ಏಳೊಂದಲಿಂದ ಶುರು ಮಾಡುವವರಿದ್ದಾರಲ್ಲ, ಹಾಗೆ ‘ಅವರು ಬರುತ್ತಾರೆ’ ಅನ್ನಲು ‘ವೆಂಗೊ’ದಿಂದ ಹೊರಟು ಆರು ಮೆಟ್ಟಿಲು ಹತ್ತಬೇಕು. ಅಷ್ಟು ಹೊತ್ತಿಗೆ ಮಾತು ಬೇರೆ ವಿಷಯಕ್ಕೆ ಹೋಗಿರುತ್ತದೆ.

ಪಟ್ಟಿಯ ಇನ್ನೊಂದು ದೋಷ ಅದರ ಅನುಕ್ರಮ. ತ್ರಪಸ್ಸಾತೊ ರೆಮೋತೊ ಅನ್ನುವ ಕಾಲ ಹಳೆಯ ಶೈಲಿಯ ಬರಹದಲ್ಲಿ ಬಿಟ್ಟರೆ ಎಲ್ಲೂ ಸಿಗುವುದಿಲ್ಲ. ದಿನಕ್ಕೆ ನೂರು ಸಲ ಕೇಳುವ, ‘ಮಾಡುತ್ತಿದ್ದೆ’ ಅನ್ನುವಂಥ ಇಂಪೆರ್ಫೆತ್ತೊಗೂ ಅದಕ್ಕೂ ಪಟ್ಟಿಯಲ್ಲಿ ಒಂದೇ ಅಳತೆಯ ಚೌಕ. ಯಾವ ಕಾಲ ಯಾವುದರಿಂದ ಹುಟ್ಟುತ್ತದೆ ಅನ್ನುವುದಂತೂ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಅನುಮಾನ ಬಂದಾಗ ತೆರೆದು ನೋಡಲು ಪಟ್ಟಿ ಬೇಕು. ಈಗ ಅದಕ್ಕೆ ಪುಸ್ತಕವೂ ಬೇಡ, ಫೋನಿನಲ್ಲಿ ಯಾವ ರೂಪ ಹಾಕಿದರೂ ಇಡೀ ಪಟ್ಟಿ ಬರುತ್ತದೆ. ಕಲಿಯಲು ಬೇಡ.

ಎರಡನೆಯದು ಕಾರ್ಡು, ಮುಂದೆ ಪ್ರಶ್ನೆ, ಹಿಂದೆ ಉತ್ತರ. ನಾನು ಬಳಸಿದ್ದು ಅಂಕಿ (Anki). 2006ರಲ್ಲಿ ಬಂದ ಸಾಫ್ಟ್‌ವೇರ್. ಸರಿಯಾಗಿ ಹೇಳಿದ ಕಾರ್ಡನ್ನು ತಡವಾಗಿ ತೋರಿಸುತ್ತದೆ, ತಡವರಿಸಿದ್ದನ್ನು ಬೇಗ ವಾಪಸ್ ತರುತ್ತದೆ. ನೆನಪಿಗೆ ಇದು ನಿಜಕ್ಕೂ ಒಳ್ಳೆಯ ಯಂತ್ರ. ಆದರೆ ಕಾರ್ಡಿನ ಮೇಲೆ ಏನು ಬರೆಯುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ. ಸಿದ್ಧವಾಗಿ ಸಿಗುವ ಕಾರ್ಡುಗಳಲ್ಲಿ ಮುಂದೆ ‘ವೆನೀರೆ, ಫುತೂರೊ (ಭವಿಷ್ಯತ್ ಕಾಲ), ನಾವು’ ಅಂತಿರುತ್ತದೆ, ಹಿಂದೆ ‘ವೆರ್ರೇಮೊ’. ಹೀಗೆ ಕಲಿತರೆ ವ್ಯಾಕರಣದ ಹೆಸರು ಕೇಳಿದಾಗ ಉತ್ತರ ಬರುತ್ತದೆ. ಬಸ್ಸಿನಲ್ಲಿ ಯಾರೂ ಹಾಗೆ ಕೇಳುವುದಿಲ್ಲ, ಅಲ್ವಾ?

ಹಾಗಾದರೆ ಮುಂದೆ ಕನ್ನಡ ವಾಕ್ಯ ಬರೆಯೋಣ ಅಂದರೆ ಬೇರೆ ತೊಡಕು. ‘ನಾವು ಬರುತ್ತೇವೆ’ ಅಂತ ಬರೆದರೆ ಅದು ಇವತ್ತಿನದೋ ನಾಳೆಯದೋ? ನಮ್ಮ ‘ಬರುತ್ತೇವೆ’ ಎರಡಕ್ಕೂ ಸಲ್ಲುತ್ತದೆ. ಇಟಾಲಿಯನ್ನರೂ ನಾಳೆಯ ವಿಷಯಕ್ಕೆ ವರ್ತಮಾನವನ್ನೇ ಧಾರಾಳವಾಗಿ ಬಳಸುತ್ತಾರೆ, ‘ದೊಮಾನಿ ವೆಂಗೊ’ ಅಂತ. ಒಂದು ಕಾರ್ಡಿಗೆ ಎರಡು ಸರಿಯುತ್ತರ ಬಂದರೆ ಯಂತ್ರಕ್ಕೂ ನಮಗೂ ಜಗಳ. ಕೊನೆಗೆ ಇಟಾಲಿಯನ್ ವಾಕ್ಯವನ್ನೇ ಇಟ್ಟು, ಕ್ರಿಯಾಪದದ ಜಾಗ ಖಾಲಿ ಬಿಟ್ಟ ಕಾರ್ಡುಗಳು ಮಾತ್ರ ಕೆಲಸಕ್ಕೆ ಬಂದವು.

ಒಂದು ಕಡೆ ಮಾತ್ರ ಕಾರ್ಡಿಗೆ ಸಾಟಿಯಿಲ್ಲ. ಅದು ಭೂತಕೃದಂತ, ಅಂದರೆ ‘ಪರ್ತಿಚೀಪಿಯೊ ಪಸ್ಸಾತೊ’. ಫತ್ತೊ, ದೆತ್ತೊ, ಸ್ಕ್ರಿತ್ತೊ, ಪ್ರೇಸೊ, ಮೆಸ್ಸೊ, ಅಪೆರ್ತೊ, ಕ್ಯೂಸೊ, ರಿಮಾಸ್ತೊ. ಇವಕ್ಕೆ ನಿಯಮ ಹುಡುಕುವ ಹೊತ್ತಿಗೆ ಬಾಯಿಪಾಠ ಮಾಡಿಬಿಡಬಹುದು. ಪ್ರತಿಫಲವೂ ದೊಡ್ಡದು. ಆ 21 ಕಾಲಗಳಲ್ಲಿ 9 ಬರೀ ಜೋಡಣೆ. ‘ಅವೇರೆ’ (ಹೊಂದಿರು) ಅಥವಾ ‘ಎಸ್ಸೆರೆ’ಯ (ಇರು) ಒಂದು ರೂಪದ ಪಕ್ಕ ಈ ಕೃದಂತ ಇಟ್ಟರೆ ಆಯಿತು. ಒಂದು ‘ಫತ್ತೊ’ ಕಲಿತರೆ ‘ಓ ಫತ್ತೊ’ (ಮಾಡಿದ್ದೇನೆ), ‘ಅವೇವೊ ಫತ್ತೊ’ (ಮಾಡಿದ್ದೆ), ‘ಅವ್ರೇಯ್ ಫತ್ತೊ’ (ಮಾಡುತ್ತಿದ್ದೆ, ಆದರೆ ಆಗಲಿಲ್ಲ) ಎಲ್ಲ ಕೈಗೆ ಬಂದ ಹಾಗೆ. ಯಾವುದಕ್ಕೆ ಎಸ್ಸೆರೆ ಅನ್ನುವುದನ್ನೂ ಅದೇ ಕಾರ್ಡಿನಲ್ಲಿ ಬರೆದಿಡಿ. ಅಲ್ಲಿ ಲಿಂಗವೂ ಬರುತ್ತದೆ. ‘ನಾನು ಹೋದೆ’ ಅನ್ನಲು ಕನ್ನಡದಲ್ಲಿ ಗಂಡು ಹೆಣ್ಣು ಭೇದವಿಲ್ಲ. ಇಲ್ಲಿ ಗಂಡಸು ‘ಸೋನೊ ಅಂದಾತೊ’, ಹೆಂಗಸು ‘ಸೋನೊ ಅಂದಾತಾ’.

ಫೋನಿನ ಆಟದಂಥ ಆಪ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾಲ್ಕರಲ್ಲಿ ಒಂದನ್ನು ಒತ್ತುವುದು ಗುರುತಿಸುವ ಕೆಲಸ, ಹೇಳುವ ಕೆಲಸವಲ್ಲ. ಅಭ್ಯಾಸ ತಪ್ಪದಿರಲು ಪರವಾಗಿಲ್ಲ.

ಮೂರನೆಯದು ನನಗೆ ಹೆಚ್ಚು ಹಿಡಿಸಿದ ದಾರಿ. ಪ್ರತಿ ಕ್ರಿಯಾಪದದ ಕೆಲವೇ ಬುಡಗಳನ್ನು (ಪ್ರತ್ಯಯ ಸೇರುವ ಮೂಲ ಭಾಗಗಳನ್ನು) ಕಲಿತು, ಉಳಿದದ್ದನ್ನು ಅವುಗಳಿಂದ ಎಳೆದು ತೆಗೆಯುವುದು. ಎಲ್ಲಕ್ಕಿಂತ ಸುಲಭದ ಜೋಡಿ ಫುತೂರೊ ಮತ್ತು ಕೊಂದಿತ್ಸಿಯೊನಾಲೆ (‘ಮಾಡಿಯೇನು’ ಅನ್ನುವಂಥ ರೂಪ). ಎರಡಕ್ಕೂ ಬುಡ ಒಂದೇ, ಅಪವಾದವಿಲ್ಲ. ಸರೋ–ಸರೇಯ್, ಅಂದ್ರೋ–ಅಂದ್ರೇಯ್, ವೆರ್ರೋ–ವೆರ್ರೇಯ್, ವೊರ್ರೋ–ವೊರ್ರೇಯ್. ಪಟ್ಟಿಯಲ್ಲಿ ಇವು ಬೇರೆ ಬೇರೆ ಮೋದೊ ಅಂತ ಪುಟದ ಆ ತುದಿ ಈ ತುದಿಗೆ ಹೋಗಿ ಕೂತಿರುತ್ತವೆ. ಇಲ್ಲಿ ಕನ್ನಡದ ಕಿವಿಗೆ ಒಂದು ಲಾಭವಿದೆ. ‘ಪಾರ್ಲೆರೇಮೊ’ ಅಂದರೆ ಮಾತಾಡುತ್ತೇವೆ, ‘ಪಾರ್ಲೆರೆಮ್ಮೊ’ ಅಂದರೆ ಮಾತಾಡಿಯೇವು. ಎರಡರ ನಡುವೆ ಇರುವುದು ಒಂದು ಮ-ಒತ್ತು. ಒತ್ತಿಲ್ಲದ ಭಾಷೆಗಳಿಂದ ಬಂದ ಸಹಪಾಠಿಗಳು ಇಲ್ಲಿ ಒದ್ದಾಡುತ್ತಾರೆ. ನಮಗೆ ‘ಅಕ’ ಮತ್ತು ‘ಅಕ್ಕ’ ಬೇರೆ ಅಂತ ಯಾರೂ ಹೇಳಿಕೊಡಬೇಕಿಲ್ಲ.

ಕೊಂಜುಂತೀವೊಗೆ ಎಲ್ಲರೂ ಹೆದರುತ್ತಾರೆ. ನನಗೆ ಅನಿಸಿದ ಹಾಗೆ ಅದರ ರೂಪಗಳೇ ಎಲ್ಲಕ್ಕಿಂತ ಸಲೀಸು. ವರ್ತಮಾನದ ‘ನಾನು’ ರೂಪ ತೆಗೆದುಕೊಳ್ಳಿ. ಕೊನೆಯ ‘ಒ’ ಬಿಟ್ಟು, ‘ಆರೆ’ ಅಂತ ಮುಗಿಯುವ ಗುಂಪಾದರೆ ‘ಇ’, ಉಳಿದವಕ್ಕೆ ‘ಆ’ ಹಾಕಿ. ಪಾರ್ಲೊ–ಪಾರ್ಲಿ, ವೆಂಗೊ–ವೆಂಗಾ, ದೀಕೊ–ದೀಕಾ. ಅಂದಾರೆ, ಫಾರೆ ಮಾತ್ರ ‘ಆರೆ’ ಅಂತ ಕಂಡರೂ ‘ಆ’ ಹಿಡಿಯುತ್ತವೆ: ವಾದಾ, ಫಾಚ್ಚಾ. ನಾನು, ನೀನು, ಅವನು ಮೂವರಿಗೂ ಒಂದೇ ರೂಪ. ಅವರು ಅನ್ನಲು ‘ನೊ’ ಸೇರಿಸಿದರೆ ಸಾಕು, ವೆಂಗನೊ. ನಾವು ಅನ್ನುವುದಂತೂ ಮೊದಲೇ ಗೊತ್ತು, ಅದು ಎಂದೂ ಬದಲಾಗುವುದಿಲ್ಲ.

ಈ ನಿಯಮಕ್ಕೆ ಬಗ್ಗದ ಐದು ಪದಗಳನ್ನು ಪುಸ್ತಕಗಳು ಅಪವಾದ ಅಂತ ಬೇರೆ ಚೌಕದಲ್ಲಿ ಹಾಕುತ್ತವೆ: ಎಸ್ಸೆರೆ, ಅವೇರೆ, ಸಪೇರೆ (ತಿಳಿ), ದಾರೆ (ಕೊಡು), ಸ್ತಾರೆ (ಇರು). ಅವನ್ನೂ ಸುಮ್ನೆ ಬಾಯಿಪಾಠ ಮಾಡಬೇಕಿಲ್ಲ. ಅವುಗಳ ‘ನಾವು’ ರೂಪದಿಂದ ‘ಮೊ’ ಕಿತ್ತು ನೋಡಿ. ಸಿಯಾಮೊ–ಸಿಯಾ, ಅಬ್ಬಿಯಾಮೊ–ಅಬ್ಬಿಯಾ, ಸಪ್ಪಿಯಾಮೊ–ಸಪ್ಪಿಯಾ, ದಿಯಾಮೊ–ದಿಯಾ, ಸ್ತಿಯಾಮೊ–ಸ್ತಿಯಾ. ಐದಕ್ಕೆ ಐದೂ ಸರಿ.

ಹಿಂದಿನ ಕಾಲದ ಕೊಂಜುಂತೀವೊಗೂ ಹೀಗೇ. ಇಂಪೆರ್ಫೆತ್ತೊದ ‘ವೊ’ ತೆಗೆದು ‘ಸ್ಸಿ’ ಇಡಿ: ಪಾರ್ಲಾವೊ–ಪಾರ್ಲಾಸ್ಸಿ, ಫಚೇವೊ–ಫಚೆಸ್ಸಿ, ದಿಚೇವೊ–ದಿಚೆಸ್ಸಿ. ದಾರಿ ತಪ್ಪುವುದು ಮೂರೇ, ಫೋಸ್ಸಿ, ದೆಸ್ಸಿ, ಸ್ತೆಸ್ಸಿ.

ಬುಡದ ದಾರಿಗೆ ಮಿತಿಯೂ ಇದೆ. ರೂಪ ಹೇಗೆ ಮಾಡಬೇಕು ಅಂತ ಹೇಳುತ್ತದೆ, ಎಲ್ಲಿ ಬಳಸಬೇಕು ಅಂತ ಹೇಳುವುದಿಲ್ಲ. ಅಲ್ಲಿ ನಾಲ್ಕನೆಯ ದಾರಿ ಬೇಕಾಯಿತು, ಕಿವಿ.

ಟುರಿನ್‌ನ ಪೋರ್ತಾ ಪಲಾತ್ಸೊ ಸಂತೆಯಲ್ಲಿ ತರಕಾರಿ ಮಾರುವವರು ಗಿರಾಕಿಗೆ ‘ಮಿ ದೀಕಾ’ (ಹೇಳಿ) ಅನ್ನುತ್ತಾರೆ. ದಾರಿಯಲ್ಲಿ ಯಾರನ್ನಾದರೂ ನಿಲ್ಲಿಸಲು ‘ಸ್ಕೂಸಿ’. ಮಾತಿಗೆಳೆಯಲು ‘ಸೆಂತಾ’, ಏನಾದರೂ ತೋರಿಸಲು ‘ಗ್ವಾರ್ದಿ’, ಒಳಗೆ ಕರೆಯಲು ‘ವೆಂಗಾ’. ಇವೆಲ್ಲ ಮರ್ಯಾದೆಯ ‘ಲೇಯ್’ಗೆ (ನೀವು) ಹೇಳುವ ಆಜ್ಞೆಗಳು. ರೂಪ ನೋಡಿದರೆ ಒಂದೊಂದೂ ಅಪ್ಪಟ ಕೊಂಜುಂತೀವೊ. ಬಿ1 ತರಗತಿಗೆ ಕಾಲಿಡುವ ಮೊದಲೇ ಅದು ಕಿವಿಯೊಳಗೆ ಕೂತಿರುತ್ತದೆ. ‘ವೊರ್ರೇಯ್’ (ನನಗೆ ಬೇಕಿತ್ತು) ಕೂಡ ಹಾಗೇ. ಕೊಂದಿತ್ಸಿಯೊನಾಲೆ ಅಂದರೇನು ಅಂತ ತಿಳಿಯದವರೂ ಅದರಿಂದ ಟೊಮೆಟೊ ಕೊಳ್ಳುತ್ತಾರೆ. ‘ಪೆನ್ಸೊ ಕೆ’ (ನನಗನಿಸುವುದು), ‘ಬಿಸೋಞಾ ಕೆ’ (ಆಗಬೇಕಾದ್ದು) ಇಂಥ ಶುರುವನ್ನು ಕೇಳಿ ಕೇಳಿ ಮುಂದೆ ಕೊಂಜುಂತೀವೊ ತಾನಾಗಿ ಬರುವಂತೆ ಮಾಡುವುದು ಕಿವಿಯ ಕೆಲಸ. ಪಟ್ಟಿಗೂ ಕಾರ್ಡಿಗೂ ಅದು ಆಗುವುದಿಲ್ಲ.

ಆದರೆ ಕಿವಿಯನ್ನೇ ನಂಬಿದರೆ ಪರೀಕ್ಷೆಯಲ್ಲಿ ಕಷ್ಟ. ‘ಗೊತ್ತಿದ್ದಿದ್ದರೆ ಬರುತ್ತಿದ್ದೆ’ ಅನ್ನಲು ಪುಸ್ತಕ ಕೇಳುವುದು ‘ಸೆ ಲೊ ಅವೆಸ್ಸಿ ಸಪೂತೊ, ಸರೇಯ್ ವೆನೂತೊ’. ಮಾತಿನಲ್ಲಿ ಕಿವಿಗೆ ಬೀಳುವುದು ಬಹಳ ಸಲ ‘ಸೆ ಲೊ ಸಪೇವೊ, ವೆನೀವೊ’. ಎರಡು ಕಡೆಯೂ ಬರೀ ಇಂಪೆರ್ಫೆತ್ತೊ. ನಮಗೆ ಇದು ವಿಚಿತ್ರ ಅನಿಸುವುದೇ ಇಲ್ಲ. ನಮ್ಮ ‘ಬರುತ್ತಿದ್ದೆ’ ಕೂಡ ರೂಢಿಗೂ ಸೈ, ಆಗದೇ ಹೋದದ್ದಕ್ಕೂ ಸೈ. ಹಾಗಾಗಿಯೇ ಕನ್ನಡಿಗರು ಎಚ್ಚರವಿರಬೇಕು. ನಾಲಿಗೆ ಬೇಗ ಆ ಕಡೆ ಜಾರುತ್ತದೆ, ತಿದ್ದುವವರ ಕೆಂಪು ಪೆನ್ನು ಅಲ್ಲೇ ಕಾದಿರುತ್ತದೆ.

ಹಾಗಾಗಿ ನನ್ನ ಲೆಕ್ಕ ಇಷ್ಟು. ರೂಪ ಕಟ್ಟಲು ಬುಡ, ಎಲ್ಲಿ ಬಳಸಬೇಕು ಅನ್ನುವುದಕ್ಕೆ ಕಿವಿ. ಕಾರ್ಡು ಕೃದಂತಕ್ಕೆ ಮತ್ತು ಫುತೂರೊದ ವಕ್ರ ಬುಡಗಳಿಗೆ ಮಾತ್ರ. ಪಟ್ಟಿ ಕಪಾಟಿನಲ್ಲಿರಲಿ. ವಾರಕ್ಕೆ ಒಂದೆರಡು ಗಂಟೆಯಷ್ಟೇ ಸಿಗುವವರು ಬುಡವನ್ನು ಬಿಟ್ಟು ಬೇರೇನನ್ನೂ ಶುರು ಮಾಡಬೇಡಿ.

ಪಸ್ಸಾತೊ ರೆಮೋತೊ (ದೂರದ ಭೂತಕಾಲ) ಮಾತ್ರ ನೀವಿರುವ ಊರಿನ ಮೇಲೆ ಹೋಗುತ್ತದೆ. ಉತ್ತರದಲ್ಲಿ, ಟುರಿನ್ ಮಿಲಾನ್ ಕಡೆ, ಬಾಯಿಮಾತಿನಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮುಗಿದದ್ದಕ್ಕೆಲ್ಲ ಪಸ್ಸಾತೊ ಪ್ರೊಸ್ಸಿಮೊ, ಅಂದರೆ ‘ಓ ಫತ್ತೊ’ದಂಥ ಜೋಡಣೆ, ಸಾಕು. ಟಸ್ಕನಿಯಲ್ಲಿ, ಇನ್ನೂ ಜಾಸ್ತಿಯಾಗಿ ಸಿಸಿಲಿ ಕಲಾಬ್ರಿಯಾಗಳಲ್ಲಿ, ಜನ ಅದನ್ನು ಮಾತಿನಲ್ಲೇ ಬಳಸುತ್ತಾರೆ. ಅಲ್ಲಿಗೆ ಹೋಗುವವರು ಸ್ಕ್ರೀವೆರೆಯಂಥ ಪದಕ್ಕೆ ಸ್ಕ್ರಿಸ್ಸಿ, ಸ್ಕ್ರಿಸ್ಸೆ, ಸ್ಕ್ರಿಸ್ಸೆರೊ ಈ ಮೂರನ್ನು ಕಲಿತರೆ ಸಾಕು. ವಕ್ರವಾಗುವುದು ನಾನು, ಅವನು, ಅವರು ಮಾತ್ರ. ಉಳಿದ ಮೂರು, ಸ್ಕ್ರಿವೆಸ್ತಿ, ಸ್ಕ್ರಿವೆಮ್ಮೊ, ಸ್ಕ್ರಿವೆಸ್ತೆ, ಮೂಲ ಬುಡದಿಂದಲೇ ನೇರವಾಗಿ ಬರುತ್ತವೆ. ಎಸ್ಸೆರೆ, ದಾರೆ, ಸ್ತಾರೆ ಇಲ್ಲೂ ಮೊಂಡು ಹಿಡಿಯುತ್ತವೆ. ಉತ್ತರದಲ್ಲಿರುವವರಿಗೆ ಕಾದಂಬರಿ, ಚರಿತ್ರೆ, ಮಕ್ಕಳ ಕತೆ ಓದುವಾಗ ಗುರುತು ಸಿಕ್ಕರೆ ಆಯಿತು. ನಾನು ಅದಕ್ಕೆ ಒಂದೇ ಒಂದು ಕಾರ್ಡೂ ಮಾಡಿಲ್ಲ.